ಹುಳಕ್ಕೆ ಬಿಟ್ಟ ನಡುಮನೆ

ಆ ವರ್ಷ ಯುಗಾದಿ ಕಳೆದು ವಾರವಾಗಿತ್ತೋ ಇಲ್ಲವೋ, ಓಬಳಯ್ಯನ ಮನೆಯವರು ಮನೆ ಖಾಲಿ ಮಾಡಿದರು. ಊರೇನೂ ಬಿಡಲಿಲ್ಲ. ಅಂಗಳದಾಚೆ ಇದ್ದ ಹುಳ ಸಾಕುವ ಸಿಮೆಂಟ್ ಶೀಟಿನ ಶೆಡ್ಡಿಗೆ ಪಾತ್ರೆ, ಚಾಪೆ, ಮಂಚ ಸಾಗಿಸಿ ತಾವು ಅಲ್ಲಿ ಸೇರಿಕೊಂಡರು. ಅಜ್ಜನ ಕಾಲದಿಂದ ಬಾಳಿದ ಮಣ್ಣುಗೋಡೆಯ ಹೆಂಚಿನ ಮನೆಯನ್ನು ರೇಷ್ಮೆ ಹುಳಕ್ಕೆ ಬಿಟ್ಟರು.

ಇದು ಸೊಸೆ ಚೈತ್ರಳ ಆಲೋಚನೆ. ಹೊಳವನಹಳ್ಳಿಯಿಂದ ಎರಡು ಮೈಲಿ ಒಳಗಿನ ಆ ಊರಿಗೆ ಅವಳು ಮದುವೆಯಾಗಿ ಬಂದು ಏಳು ವರ್ಷವಾಗಿತ್ತು. ಮಿಡಿಗೇಶಿ ಕಡೆಯ ಹುಡುಗಿ, ಹುಳದ ಮನೆಯಲ್ಲೇ ಹುಟ್ಟಿ ಬೆಳೆದವಳು. ರಾಗಿ, ಕಡಲೆಕಾಯಿ ಬಿಟ್ಟರೆ ಬೇರೆ ಬೆಳೆ ಕಾಣದ ಗಂಡನ ಮನೆಗೆ ಹಿಪ್ಪುನೇರಳೆ ಕಡ್ಡಿ ತಂದು ನೆಡಿಸಿದ್ದೇ ಅವಳು. ಗಂಡ ಪ್ರಸನ್ನ ಅವಳು ಹೇಳಿದಂತೆ ಸೊಪ್ಪು ಕೊಯ್ಯುತ್ತಿದ್ದ. ಮಾವ ಓಬಳಯ್ಯ ಅವಳಿಂದ ಕೇಳಿ ಕೇಳಿ, ಹುಳ ಮೇವು ಬಿಟ್ಟು ಪೊರೆ ಕಳಚಲು ಜ್ವರಕ್ಕೆ ಕೂರುವುದು ಯಾವಾಗ, ಪೊರೆ ಬಿಟ್ಟು ಏಳುವುದು ಯಾವಾಗ ಎಂದು ಎಪ್ಪತ್ತರ ವಯಸ್ಸಿನಲ್ಲಿ ಕಲಿತಿದ್ದ.

ಹಿಂದಿನ ಬೇಸಿಗೆ ಎರಡು ಬೆಳೆ ಪೂರ್ತಿ ಹೋಗಿದ್ದವು. ಕಿಟಕಿಗೆ ಗೋಣಿಚೀಲ ನೆನೆಸಿ ಕಟ್ಟಿದ್ದರು, ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ ಗಂಟೆಗೊಮ್ಮೆ ನೀರು ಎರಚಿದ್ದರು. ಏನೂ ನಡೆಯಲಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಹುಳ ಸೊಪ್ಪು ಮುಟ್ಟದೆ ಮೆತ್ತಗಾಗಿ, ಕಪ್ಪಾಗಿ, ನಾರತೊಡಗಿದವು. ಹಿತ್ತಲಲ್ಲಿ ಗುಂಡಿ ತೋಡಿ, ಬುಟ್ಟಿ ಬುಟ್ಟಿ ಸುರಿದು, ಸುಣ್ಣ ಹಾಕಿ ಮುಚ್ಚಿದ ಮೇಲೆ ಚೈತ್ರ ಎರಡು ದಿನ ಊಟ ಮಾಡಿರಲಿಲ್ಲ. ಈ ಸಲ ಶಿವರಾತ್ರಿಗೇ ಬಿಸಿಲು ಆ ಮಟ್ಟಕ್ಕೆ ಏರಿತ್ತು.

"ಈ ಸಲಾನೂ ಹೋದ್ರೆ ಗಿಡ ಕಿತ್ತಾಕ್ತೀನಿ" ಎಂದಿದ್ದ ಪ್ರಸನ್ನ. "ತಿರುಮಣಿ ಸೋಲಾರ್ ಪಾರ್ಕಿಗೆ ಹೋಗಿ ಪ್ಲೇಟು ತೊಳಿತೀನಿ. ತಿಂಗಳಾದ್ರೆ ಸಂಬಳ ಬತ್ತದೆ. ಇದ್ಯಾವ ಕರ್ಮ?"

ಚೈತ್ರ ಎರಡು ಕಡೆಯೂ ಉಷ್ಣಮಾಪಕ ತೂಗುಹಾಕಿ ಒಂದು ವಾರ ನೋಡಿದಳು. ಮಧ್ಯಾಹ್ನ ಎರಡಕ್ಕೆ ಶೀಟಿನ ಕೆಳಗೆ ಮೂವತ್ತೊಂಬತ್ತು. ಹೆಂಚಿನ ಮನೆಯ ನಡುಮನೆಯಲ್ಲಿ ಮೂವತ್ತೊಂದು. ಅಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಬಾಯಿಬಿಟ್ಟಳು.

"ಹುಳ ಇಲ್ಲಿರ್ಲಿ. ನಾವು ಇಪ್ಪತ್ತು ದಿನ ಶೆಡ್ಡಲ್ಲಿರಾಣ."

ಅತ್ತೆ ಮುನಿಯಮ್ಮ ಮುರಿದ ಮುದ್ದೆಯನ್ನು ಹಾಗೇ ತಟ್ಟೆಗೆ ಬಿಟ್ಟಳು. "ಏನಂದೆ?"

"ಒಂದು ಬೆಳೆ ಅತ್ತೆ. ಬರೀ ಒಂದು ಬೆಳೆ."

"ಸೇರು ಒದ್ದು ಒಳಕ್ಕೆ ಬಂದೋಳು ಕಣಮ್ಮ ನಾನು ಈ ಮನೆಗೆ. ಹುಳಕ್ಕೆ ಬುಟ್ಟು ಆಚೆ ಓಗು ಅಂತೀಯಾ?"

ನಾದಿನಿ ಪ್ರಿಯಾಂಕ ಮಧುಗಿರಿಯ ಗಾರ್ಮೆಂಟ್ಸಿಗೆ ಹೋಗುವವಳು, ಆಗಷ್ಟೇ ಫ್ಯಾಕ್ಟರಿ ಬಸ್ಸಿಳಿದು ಬಂದು ಕೂತಿದ್ದಳು. ಅವಳು ಕೂಗಾಡಲಿಲ್ಲ. "ಅತ್ತಿಗೆ, ಹುಳ ತಡೀದಿರೋ ಬಿಸಿಲ್ನ ಅಪ್ಪ ತಡೀತಾರಾ? ಅವ್ರಿಗೆ ಬಿಪಿ ಐತೆ. ದಿನಾ ಮಾತ್ರೆ ನುಂಗ್ತಾರೆ" ಎಂದಳಷ್ಟೆ.

ಚೈತ್ರಳ ಐದು ವರ್ಷದ ಮಗು ಬಿಂದು ಎಲ್ಲರ ಮುಖ ನೋಡುತ್ತಿತ್ತು. ಓಬಳಯ್ಯ ನಿಧಾನವಾಗಿ ಮುದ್ದೆ ನುಂಗಿ, ನೀರು ಕುಡಿದು, ಟವೆಲಿನಿಂದ ಬಾಯೊರೆಸಿಕೊಂಡ.

"ಇಪ್ಪತ್ತು ದಿನ ತಾನೆ? ಕಣದಾಗೆ ತಿಂಗಳುಗಟ್ಲೆ ಮಲಗಿದ್ದೋನು ನಾನು. ಹುಡುಗಿ ಲೆಕ್ಕ ಹಾಕಿ ಏಳ್ತಾವ್ಳೆ. ನಡೀರಿ ಓಗಾಣ."

"ನಿಮಗೆ ಸೊಸೆ ಏಳಿದ್ದೇ ವೇದ" ಎಂದು ಮುನಿಯಮ್ಮ ಸಿಡುಕಿದಳು. ಆದರೂ ಮರುದಿನ ಮೊದಲು ತನ್ನ ಟ್ರಂಕನ್ನು ಹೊತ್ತು ಅಂಗಳ ದಾಟಿದವಳು ಅವಳೇ.

ಮನೆಯೊಳಗೆ ಬ್ಲೀಚಿಂಗ್ ಪುಡಿ ಕಲಸಿ ತೊಳೆದು, ಸುಣ್ಣ ಬಳಿದು, ನಡುಮನೆಗೂ ಪಕ್ಕದ ಕೋಣೆಗೂ ಮೂರಂತಸ್ತಿನ ಸ್ಟ್ಯಾಂಡು ಹಾಕಿದರು. ಚೈತ್ರಳ ಕಟ್ಟುಪಾಡುಗಳು ಅಂದಿನಿಂದ ಶುರುವಾದವು. ಹೊಸ್ತಿಲಲ್ಲಿ ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಒಲೆ ಆಚೆಗೆ. ದೇವರ ಗೂಡಿಗೆ ಎಣ್ಣೆದೀಪ ಸರಿ, ಊದುಬತ್ತಿ ಕೂಡದು.

"ದೇವ್ರಿಗೂ ಕಾನೂನು ಮಾಡ್ಬುಟ್ಲು" ಎಂದಳು ಮುನಿಯಮ್ಮ.

"ಮಾವ, ನೀವಂತೂ ಒಳಗೆ ಬರಂಗೇ ಇಲ್ಲ" ಎಂದಳು ಚೈತ್ರ. "ಬೀಡಿ ಸೇದಿದ ಉಸಿರು, ಬೀಡಿ ಹಿಡಿದ ಕೈ. ಹೊಗೆಸೊಪ್ಪಿನ ಗಾಳಿ ಸೋಕಿದ್ರೂ ಹುಳ ವಾಂತಿ ಮಾಡ್ಕಂಡು ಸಾಯ್ತಾವೆ."

"ಆಯ್ತು ಕಣವ್ವ, ಆಚೇಲೇ ನಿಂತು ಮಾತಾಡಿಸ್ತೀನಿ" ಎಂದು ಓಬಳಯ್ಯ ನಕ್ಕ.

ಎರಡನೇ ಜ್ವರ ಕಳೆದ ನೂರು ಮೊಟ್ಟೆಗೊಂಚಲಿನ ಸಾವಿರಾರು ಮರಿಹುಳಗಳನ್ನು ಪಕ್ಕದ ಮನೆಯ ಮಲ್ಲೇಶ್ ತನ್ನ ಲಗೇಜ್ ಆಟೋದಲ್ಲಿ ಒಂದು ಬೆಳಗಿನ ಜಾವ ತಂದಿಳಿಸಿದ. ಅಲ್ಲಿಂದ ಮನೆಯ ದಿನಚರಿ ಹುಳದ ಹೊಟ್ಟೆಗೆ ಕಟ್ಟಿಬಿದ್ದಿತು. ಬೋರಿನಲ್ಲಿ ನೀರು ಸಣ್ಣಗಾಗಿ, ಎಂಟರ ಹೊತ್ತಿಗೆಲ್ಲ ಸೊಪ್ಪು ಬಾಡುತ್ತಿತ್ತು. ಐದು ಗಂಟೆಗೇ ಕೊಯ್ದು ಒದ್ದೆ ಬಟ್ಟೆ ಮುಚ್ಚಿಡಬೇಕು. ಮುನಿಯಮ್ಮ ಬೈಯುತ್ತಲೇ ಸೊಪ್ಪು ಕೊಚ್ಚುವಳು. ಪ್ರಿಯಾಂಕ ಕೆಲಸಕ್ಕೆ ಹೊರಡುವ ಮುಂಚೆ ನಾಲ್ಕು ಬಿಂದಿಗೆ ನೀರು ಹೊತ್ತು ಹಾಕುವಳು.

ಶೀಟಿನ ಕೆಳಗಿನ ಸಂಸಾರ ನಾಲ್ಕೇ ದಿನಕ್ಕೆ ಬೇಯತೊಡಗಿತು. ಬೆಳಿಗ್ಗೆ ಕಾಯಿಸಿದ ಹಾಲು ಹತ್ತು ಗಂಟೆಗೆ ಒಡೆಯುತ್ತಿತ್ತು. ಹುಳಿ ಮಧ್ಯಾಹ್ನಕ್ಕೆ ಬುರುಗು ಏಳುತ್ತಿತ್ತು. ಮುದ್ದೆ ಮಾಡುವುದನ್ನೇ ಬಿಟ್ಟು ಮುನಿಯಮ್ಮ ಅಂಬಲಿ ಕಾಸಿ ಮಡಕೆಯಲ್ಲಿಡುತ್ತಿದ್ದಳು. ಓಬಳಯ್ಯ ಅದನ್ನೂ ಅರ್ಧ ಲೋಟ ಕುಡಿದು ಸಾಕು ಎನ್ನುತ್ತಿದ್ದ.

"ಉಣ್ಣಿ, ಇದೇನು ಹಕ್ಕಿ ಕುಡ್ದಂಗೆ?"

"ಸೇರಾಕಿಲ್ಲ ಕಣೆ. ಬಾಯೆಲ್ಲ ಒಣಗ್ತದೆ."

ಪ್ರಿಯಾಂಕ ಸಂಬಳದ ದಿನ ಒಂದು ಟೇಬಲ್ ಫ್ಯಾನು ತಂದು ತಂದೆಯ ಮಂಚದ ಪಕ್ಕ ಇಟ್ಟಳು. ಎರಡು ದಿನ ತಿರುಗಿತು. ಹುಳ ನಾಲ್ಕನೇ ಜ್ವರಕ್ಕೆ ಕೂತ ದಿನ, ಒಳಗೆ ಗಾಳಿ ಆಡುತ್ತಿಲ್ಲವೆಂದು ಚೈತ್ರ ಹೇಳಿದ್ದೇ ತಡ ಪ್ರಸನ್ನ ಫ್ಯಾನನ್ನು ಎತ್ತಿಕೊಂಡು ಹೋಗಿ ನಡುಮನೆಯಲ್ಲಿಟ್ಟ. ಸಂಜೆ ಬಂದ ಪ್ರಿಯಾಂಕ ಖಾಲಿ ಸ್ಟೂಲು ನೋಡಿದಳು.

"ಫ್ಯಾನೆಲ್ಲಿ?"

"ಒಂದಿನಕ್ಕೆ ಕಣೆ" ಎಂದ ಪ್ರಸನ್ನ. "ಹುಳ ಜ್ವರದಾಗೈತೆ."

"ಅಪ್ಪನ್ ಕೈ ಮುಟ್ಟಿ ನೋಡಣ್ಣ. ಅವ್ರಿಗಿಲ್ವಾ ಜ್ವರ?"

"ನಾನೇ ಕೊಟ್ಟಿದ್ದು ಬುಡಮ್ಮ" ಎಂದು ಓಬಳಯ್ಯ ಮಂಚದಿಂದಲೇ ಕೈಯಾಡಿಸಿದ. "ಕರೆಂಟು ಇದ್ರೆ ತಾನೆ ಅದು ತಿರುಗಾದು? ಬಿಸಿಗಾಳಿ ಮಕಕ್ಕೆ ಹೊಡಿತದೆ ಅಷ್ಟೆ."

ಪ್ರಿಯಾಂಕ ಹೋಗಿ ಫ್ಯಾನು ತಂದಳು. ಹೊಸ್ತಿಲಲ್ಲಿ ಎದುರಾದ ಚೈತ್ರ ದಾರಿ ಬಿಟ್ಟಳು. ಅತ್ತಿಗೆ ನಾದಿನಿಯರಿಗೆ ಅಂದಿನಿಂದ ಮಾತು ನಿಂತಿತು.

ಆದರೆ ಹುಳ ಚೆನ್ನಾಗಿ ಬಂದವು. ನಾಲ್ಕನೇ ಜ್ವರದಿಂದ ಒಂದೇ ಸಮಕ್ಕೆ ಎದ್ದು, ಬೆಳ್ಳಗೆ ಕೊಬ್ಬಿ, ಹಾಕಿದ ಸೊಪ್ಪು ಹಾಕಿದಂತೆ ಮುಗಿಸುತ್ತಿದ್ದವು. ಊರಿನಲ್ಲಿ ಶೀಟಿನ ಕೆಳಗೆ ಹುಳ ಮೇಯಿಸಿದ ಮೂರು ಮನೆಯವರು ಆಗಲೇ ಗುಂಡಿ ತೋಡಿದ್ದರು. ಸಿರಾ ಕಡೆಯೂ ಇದೇ ಕಥೆ ಎಂದು ಮಲ್ಲೇಶ್ ಸುದ್ದಿ ತಂದ. ಚೈತ್ರ ದಿನಕ್ಕೆ ಮೂರು ತಾಸು ನಿದ್ದೆ ಮಾಡುತ್ತಿದ್ದಳು. ಆದರೂ ಅವಳ ಮುಖದಲ್ಲಿ ಒಂದು ಬೆಳಕಿತ್ತು.

ಓಬಳಯ್ಯ ದಿನಾ ಬೆಳಿಗ್ಗೆ ಬಂದು ಹೊಸ್ತಿಲ ಆಚೆ ನಿಂತು ಹುಳ ಮೇಯುವ ಸದ್ದು ಕೇಳಿಸಿಕೊಳ್ಳುತ್ತಿದ್ದ. "ಮಳೆ ಹುಯ್ದಂಗೈತೆ ಕಣವ್ವ" ಎನ್ನುತ್ತಿದ್ದ. ಆ ಊರಿಗೆ ಮಳೆ ಬಿದ್ದು ಐದು ತಿಂಗಳಾಗಿತ್ತು.

ಹುಳ ಹಣ್ಣಾಗಿ ಗೂಡು ಕಟ್ಟಲು ಇನ್ನು ಒಂದೋ ಎರಡೋ ದಿನವಿತ್ತು. ಅಂದು ಬೆಳಿಗ್ಗೆ ಹನ್ನೊಂದಕ್ಕೆ ಹೋದ ಕರೆಂಟು ಬರಲೇ ಇಲ್ಲ. ತಮ್ಮ ತೋಟದ ಸೊಪ್ಪು ಮುಗಿದಿತ್ತು. ಪ್ರಸನ್ನ ಪಕ್ಕದೂರಿಗೆ ಸೊಪ್ಪು ಕೊಳ್ಳಲು ಹೋಗಿದ್ದ. ಪ್ರಿಯಾಂಕ ಕೆಲಸದಲ್ಲಿ, ಬಿಂದು ಮಲ್ಲೇಶನ ಮನೆಯಲ್ಲಿ. ಮುನಿಯಮ್ಮ ಶೆಡ್ಡಿನ ಬಾಗಿಲ ನೆರಳಲ್ಲಿ ಕೂತು ಉಳಿದ ಸೊಪ್ಪನ್ನು ಬಿಡಿಸುತ್ತಿದ್ದಳು.

ಮಧ್ಯಾಹ್ನ ಒಂದು ಗಂಟೆ ದಾಟಿರಬೇಕು. ಚೈತ್ರ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಮೇಲಿನ ಸ್ಟ್ಯಾಂಡಿಗೆ ಸೊಪ್ಪು ಹಾಕುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಓಬಳಯ್ಯ ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಕೈಕೊಟ್ಟು ನಿಂತಿದ್ದ.

"ಅವ್ವಾ, ಒಂದ್ ಗಳಿಗೆ ಒಳಗೆ ಬಂದು ನೆಲದ ಮ್ಯಾಲೆ ಮಲಿಕ್ಕಳ್ಲಾ? ಇಲ್ಲಿ ತಂಪೈತೆ."

ಚೈತ್ರ ಬೆಚ್ಚಿದ್ದು ಮಾವನಿಗಾಗಿ ಅಲ್ಲ. ಹಿಂದಿನ ವರ್ಷದ ಗುಂಡಿ ಕಣ್ಣಮುಂದೆ ಬಂದಿತ್ತು.

"ಬೇಡಿ ಮಾವ. ನಾಳೆ ನಾಡಿದ್ದರಲ್ಲಿ ಹಣ್ಣಾಗ್ತಾವೆ. ಬೀಡಿ ಗಾಳಿ ತಾಕಿದ್ರೆ ಮುಗೀತು. ಎರಡು ದಿನ ತಡ್ಕಳಿ, ನಿಮ್ ಮಂಚ ಮೊದ್ಲು ನಾನೇ ಒಳಗೆ ತಂದು ಹಾಕ್ತೀನಿ."

ಓಬಳಯ್ಯ ಏನೋ ಹೇಳಲು ಬಾಯಿ ತೆರೆದ. ಒಳಗಿನ ಸ್ಟ್ಯಾಂಡುಗಳ ಕಡೆ ಒಮ್ಮೆ ನೋಡಿದ. ಬೆಳ್ಳಗೆ, ದಪ್ಪಗೆ, ಒಂದರ ಮೇಲೊಂದು ಹೊರಳುತ್ತಿದ್ದ ಹುಳ. "ಆಯ್ತು ಬುಡವ್ವ" ಎಂದು ತಿರುಗಿದ.

ಚೈತ್ರ ಸೊಪ್ಪು ಹಾಕುವುದನ್ನು ಮುಂದುವರಿಸಿದಳು. ಎಲ್ಲ ಮುಗಿಸಿ ಬಾಗಿಲಿಗೆ ಬಂದಾಗ ಮಾವನ ಚಪ್ಪಲಿ ಅಲ್ಲೇ ಇದ್ದವು. ಈ ಕಾದ ನೆಲದಲ್ಲಿ ಬರಿಗಾಲಲ್ಲಿ ಹೋದರೇ ಎಂದುಕೊಂಡಳು. ಕೊಟ್ಟು ಬರೋಣವೆಂದು ಬಗ್ಗಿ ಎತ್ತಿಕೊಂಡಳು. ಆಗ ಶೆಡ್ಡಿನಿಂದ ಮುನಿಯಮ್ಮನ ಕೂಗು ಕೇಳಿಸಿತು.

ಓಬಳಯ್ಯ ಮಂಚದ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದ. ಮೈ ಕೆಂಡದಂತೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ಕಣ್ಣು ಅರೆಬರೆ ತೆರೆದು, ಎಂದೋ ಮಾರಿದ ಎತ್ತುಗಳ ಹೆಸರು ಹಿಡಿದು ಕರೆಯುತ್ತಿದ್ದ. ಚೈತ್ರ ಬಿಂದಿಗೆ ನೀರನ್ನೆಲ್ಲ ಅವನ ಮೈಮೇಲೆ ಸುರಿದಳು. ಸೊಪ್ಪಿಗೆ ಮುಚ್ಚಿದ್ದ ಒದ್ದೆ ಬಟ್ಟೆಗಳನ್ನು ತಂದು ಹೊದಿಸಿದಳು. ಮಲ್ಲೇಶ್ ಆಟೋ ತಂದ. ಕೊರಟಗೆರೆ ಆಸ್ಪತ್ರೆಯ ದಾರಿಯುದ್ದಕ್ಕೂ ಚೈತ್ರ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕುತ್ತಲೇ ಇದ್ದಳು. ಕೊರಟಗೆರೆ ಇನ್ನೂ ಎರಡು ಮೈಲಿ ಇರುವಾಗ ಮುನಿಯಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು.

"ಸಾಕು ಕಣಮ್ಮ. ಓದ್ರು."

ಸಂಜೆಯ ಹೊತ್ತಿಗೆ ಹೆಣ ಅಂಗಳದ ಬೇವಿನ ಮರದ ಕೆಳಗಿತ್ತು. ನೆಂಟರು ಸೇರಿದ್ದರು. ಫ್ಯಾಕ್ಟರಿ ಬಸ್ಸಿಳಿದ ಪ್ರಿಯಾಂಕ ದಾರಿಯಲ್ಲೇ ಸುದ್ದಿ ಕೇಳಿ ಓಡಿಬಂದಳು. ಅಪ್ಪನ ಪಾದ ಹಿಡಿದು ಬಹಳ ಹೊತ್ತು ಅತ್ತವಳು ತಲೆಯೆತ್ತಿ ಮನೆಯ ಕಡೆ ನೋಡಿದಳು. ಬಾಗಿಲು ಮುಚ್ಚಿತ್ತು. ಊದುಬತ್ತಿಯ ಹೊಗೆ ಒಳಗೆ ಹೋಗದಿರಲೆಂದು ಪ್ರಸನ್ನನೇ ಮುಚ್ಚಿದ್ದ.

"ಒಂದು ಗಳಿಗೆ ಅವ್ರ ಮನೆಯೊಳಗೆ ಮಲಗಿಸೋಕೆ ಜಾಗ ಇಲ್ವಾ?"

"ಆಚೆ ಓದ ಜೀವ ಕಣಮ್ಮ, ಒಳಕ್ಕೆ ತರಾಂಗಿಲ್ಲ" ಎಂದರು ಹಿರಿಯರೊಬ್ಬರು.

"ಅಪ್ಪನ್ನ ಆಚೆ ಹಾಕಿದ್ದು ಇವತ್ತಲ್ಲ" ಎಂದಳು ಪ್ರಿಯಾಂಕ. "ಯುಗಾದಿ ಆದ್ಮೇಲೇ ಹಾಕಿದ್ರು."

ಪ್ರಸನ್ನ ಎದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ. "ಒಳಗೆ ಜಾಗ ಮಾಡ್ತೀನಿ. ಸ್ಟ್ಯಾಂಡೆಲ್ಲ ಎಳೆದು ಬೀದಿಗಾಕ್ತೀನಿ" ಎಂದು ಬಾಗಿಲ ಕಡೆ ಹೊರಟ. ಚೈತ್ರ ಗೋಡೆಗೊರಗಿ ಕೂತಿದ್ದಳು. ತಡೆಯಬೇಕೆಂದು ಅವಳಿಗೆ ಅನಿಸಲಿಲ್ಲ.

"ಬ್ಯಾಡ ಕಣ್ಲಾ" ಎಂದಳು ಮುನಿಯಮ್ಮ. "ಅಲುಗಿಸಬ್ಯಾಡ ಅವನ್ನ. ನಿಮ್ಮಪ್ಪಂಗೆ ಇಷ್ಟ ಆಗಾಕಿಲ್ಲ."

ಮರುದಿನ ಬೆಳಿಗ್ಗೆ ಗಂಡಸರು ಓಬಳಯ್ಯನನ್ನು ಹೊಲದ ಬದುವಿಗೆ ಹೊತ್ತುಕೊಂಡು ಹೋದರು. ಅಷ್ಟು ಹೊತ್ತಿಗೆ ಒಳಗೆ ಹುಳ ಹಣ್ಣಾಗಿದ್ದವು. ಸೊಪ್ಪು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ತಲೆಯೆತ್ತಿ, ಸ್ಟ್ಯಾಂಡಿನ ಅಂಚಿಗೆ ಹತ್ತಿ ನೂಲು ಬಿಡಲು ಜಾಗ ಹುಡುಕುತ್ತಿದ್ದವು. ಅಂಥ ಹುಳವನ್ನು ಅವತ್ತೇ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಇಲ್ಲದಿದ್ದರೆ ಕಂಡಲ್ಲಿ ನೂಲು ಉಗುಳಿ ಹಾಳಾಗುತ್ತವೆ. ಪ್ರತಿ ಸಲ ಬರುತ್ತಿದ್ದ ನಾಲ್ಕು ಕೂಲಿ ಹೆಂಗಸರು ಅಂಗಳದವರೆಗೆ ಬಂದು, ಸೂತಕದ ಮನೆಯೆಂದು ಒಳಗೆ ಕಾಲಿಡದೆ ನಿಂತರು. ಚೈತ್ರ ಕರೆಯಲೂ ಇಲ್ಲ. ನಡುಮನೆಯ ಮಧ್ಯೆ ಕೈ ಕಟ್ಟಿಕೊಂಡು ನಿಂತಿದ್ದಳು. ಹೋಗಲಿ, ಎಲ್ಲವೂ ಹೋಗಲಿ ಎನಿಸಿತ್ತು.

ಮುನಿಯಮ್ಮ ಬಚ್ಚಲಿನಿಂದ ಹಾಗೇ ಬಂದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಹಣೆ ಬರಿದಾಗಿತ್ತು. ಹೊಸ್ತಿಲಲ್ಲಿ ಕಾಲು ತೊಳೆದು ಒಳಬಂದು ಕೆಳಗಿನ ಸ್ಟ್ಯಾಂಡಿನ ಮುಂದೆ ಕೂತು ಹಣ್ಣು ಹುಳಗಳನ್ನು ಬೊಗಸೆಗೆ ಆರಿಸತೊಡಗಿದಳು.

"ಅತ್ತೆ, ನೀವು ಬೇಡಿ."

"ತಟ್ಟೆ ತಾ."

"ಅತ್ತೆ..."

"ಅಳಾಕೆ ಇನ್ನ ದಿನ ಐತೆ. ಇವು ಕಾಯ್ತಾವಾ? ತಟ್ಟೆ ತಾರಮ್ಮ."

ಸಂಜೆಯ ತನಕ ಇಬ್ಬರೂ ಆರಿಸಿದರು. ಹೊಲದಿಂದ ಬಂದ ಪ್ರಸನ್ನ ಒದ್ದೆ ಬಟ್ಟೆಯಲ್ಲೇ ಬಂದು ಸೇರಿಕೊಂಡ. ಪ್ರಿಯಾಂಕ ಮಾತ್ರ ಬರಲಿಲ್ಲ. ಬೇವಿನ ಮರದ ಕೆಳಗೆ ಮನೆಗೆ ಬೆನ್ನು ಹಾಕಿ ಕೂತಿದ್ದಳು.

ಮೂರನೇ ದಿನ ಹಾಲುತುಪ್ಪ. ಸಮಾಧಿಯ ಮುಂದೆ ಎಲೆ ಹಾಸಿ ಮುದ್ದೆ, ಸೊಪ್ಪಿನ ಸಾರು, ಬೆಲ್ಲದನ್ನ ಬಡಿಸಿದರು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡುವುದು ವಾಡಿಕೆ. ಮಲ್ಲೇಶ್ ಜೇಬಿನಿಂದ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ತೆಗೆದು ಎಲೆಯ ಪಕ್ಕ ಇಟ್ಟ. ಮುನಿಯಮ್ಮ ಬಗ್ಗಿ ಅವೆರಡನ್ನೂ ಎತ್ತಿ ಅವನ ಕೈಗೇ ಕೊಟ್ಟಳು.

"ಬ್ಯಾಡ ಕಣಪ್ಪ. ಬುಟ್ಟಿದ್ರು."

"ಯಾರು, ಓಬಳಣ್ಣಾನಾ? ಯಾವಾಗ?"

"ಹುಳ ಬಂದ ಮಾರನೇ ದಿನದಿಂದ ಮುಟ್ಟಿರಲಿಲ್ಲ. ಐವತ್ತು ವರ್ಷದ ಚಟ, ರಾತ್ರಿಯೆಲ್ಲ ಒದ್ದಾಡೋರು. ಯಾಕ್ ಈ ವಯಸ್ಸಲ್ಲಿ ಅಂದ್ರೆ, ಸೊಸೆ ಒಳಕ್ಕೆ ಬುಡಲಿ ಅಂತ ಕಣೆ ಅನ್ನೋರು. ಮೈ ವಾಸನೆ ಪೂರ್ತಿ ಓಗ್ಲಿ, ಆಮ್ಯಾಕೆ ನಾನೇ ಏಳ್ತೀನಿ, ನೀನು ಬಾಯಿ ಬುಡಬ್ಯಾಡ ಅಂತ ಆಣೆ ಹಾಕಿಸ್ಕಂಡಿದ್ರು."

ಹಾಲಿನ ಲೋಟ ಹಿಡಿದು ನಿಂತಿದ್ದ ಚೈತ್ರ ಕೂತುಬಿಟ್ಟಳು. ಬಿಸಿಲಿಗೆ ತಲೆ ಸುತ್ತಿತೆಂದು ಯಾರೋ ಅವಳನ್ನು ನೆರಳಿಗೆ ಕರೆದೊಯ್ದರು.

ಗೂಡು ಬಿಡಿಸಿದಾಗ ಊರಿನವರು ನೋಡಲು ಬಂದರು. ಒಂದೊಂದೂ ಗಟ್ಟಿ, ಬೆಳ್ಳಗೆ. ಅಂಥ ಬೆಳೆ ಆ ಮನೆಯಲ್ಲಿ ಚಳಿಗಾಲದಲ್ಲೂ ಆಗಿರಲಿಲ್ಲ. ಬಿಸಿಲಿಗೆ ಎಲ್ಲ ಕಡೆ ಹುಳ ಸತ್ತು ಮಾರುಕಟ್ಟೆಗೆ ಗೂಡೇ ಬರುತ್ತಿರಲಿಲ್ಲ. ಗೂಡು ಮಾರಿ ರಾಮನಗರದಿಂದ ಬಂದ ಪ್ರಸನ್ನ ಎಂದೂ ಸಿಗದ ರೇಟು ಸಿಕ್ಕಿತೆಂದ. ಎಷ್ಟು ಎಂದು ಯಾರೂ ಕೇಳಲಿಲ್ಲ. ಹನ್ನೊಂದನೇ ದಿನದ ತಿಥಿ ಆ ದುಡ್ಡಿನಲ್ಲೇ ನಡೆಯಿತು.

ತಿಥಿ ಮುಗಿದ ಮರುದಿನ ಮರಿಹುಳದ ಕೇಂದ್ರದಿಂದ ಫೋನು ಬಂತು. ಪ್ರಸನ್ನ ಫೋನನ್ನು ಅಂಗೈಯಿಂದ ಮುಚ್ಚಿ ಎಲ್ಲರನ್ನೂ ನೋಡಿದ. "ಮುಂದಿನ ವಾರ ಮರಿ ಐತಂತೆ. ಏನೇಳ್ಲಿ?"

"ಹ್ಞೂ ಅಂತ ಹೇಳಣ್ಣ" ಎಂದಳು ಪ್ರಿಯಾಂಕ. "ಆದ್ರೆ ಈ ಸಲ ಶೀಟಿನ ಕೆಳಗೆ ಯಾರನ್ನ ಮಲಗಿಸ್ತೀರಾ? ಅಮ್ಮನ್ನಾ?"

"ಬೇಡ ಅನ್ರಿ" ಎಂದಳು ಚೈತ್ರ. "ಮಳೆ ಬೀಳೋ ತನಕ ಹುಳ ಬೇಡ. ಇನ್ನು ಬೇಸಿಗೇಲಿ ಈ ಮನೇಲಿ ಹುಳ ಮೇಯಿಸಲ್ಲ."

ಪ್ರಸನ್ನ ಬೇಡವೆಂದು ಹೇಳಿ ಫೋನಿಟ್ಟ. ನಾಲ್ಕು ದಿನ ಬಿಟ್ಟು ಬಟ್ಟೆಯ ಚೀಲ ಹಿಡಿದು ತಿರುಮಣಿಯ ಕೆಲಸಕ್ಕೆ ಹೋದ. ಗಿಡ ಕೀಳುವ ಮಾತು ಆಡಲಿಲ್ಲ.

ಚೈತ್ರ ಸ್ಟ್ಯಾಂಡು ಬಿಚ್ಚಿ, ನಡುಮನೆ ಸಾರಿಸಿ, ದೇವರ ಗೂಡಿಗೆ ಊದುಬತ್ತಿ ಹಚ್ಚಿ, ಅತ್ತೆಯ ಟ್ರಂಕನ್ನು ತಂದು ಮೊದಲಿನ ಜಾಗದಲ್ಲಿಟ್ಟಳು. ಮುನಿಯಮ್ಮ ಬರಲಿಲ್ಲ. ಅಡುಗೆಗೆ ಬರುವಳು, ಊಟ ಮುಗಿಸಿ ಶೀಟಿನ ಕೆಳಗಿನ ಗಂಡನ ಮಂಚಕ್ಕೆ ಹೋಗುವಳು. ಪ್ರಿಯಾಂಕ ಕಾಲು ಹಿಡಿದು ಕೇಳಿದರೂ ಒಪ್ಪಲಿಲ್ಲ. "ಇಲ್ಲೇ ಸರಿಯಾಗೈತೆ ನಂಗೆ. ಬುಡ್ರಿ ನನ್ನ" ಎನ್ನುವಳು. ಮೇ ತಿಂಗಳ ಬಿಸಿಲು ಏಪ್ರಿಲಿನದಕ್ಕಿಂತ ಕೆಟ್ಟದಾಗಿತ್ತು.

ಒಂದು ಮಧ್ಯಾಹ್ನ ಚೈತ್ರ ಮಜ್ಜಿಗೆ ತೆಗೆದುಕೊಂಡು ಹೋಗಿ ಮಂಚದ ಕಾಲಬಳಿ ನೆಲದ ಮೇಲೆ ಕೂತಳು. ಮುನಿಯಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಅತ್ತೆ, ಅವತ್ತು ಮಾವ ಬಾಗಿಲಿಗೆ ಬಂದಿದ್ರು. ಒಂದು ಗಳಿಗೆ ಮಲಗ್ತೀನಿ ಅಂದ್ರು. ನಾನು ಬೇಡ ಅಂದೆ. ಬೀಡಿ ಬಿಟ್ಟಿದ್ದು ನಂಗೆ ಗೊತ್ತಿರ್ಲಿಲ್ಲ." ಮಜ್ಜಿಗೆಯ ಲೋಟವನ್ನು ನೆಲಕ್ಕಿಟ್ಟಳು. "ಯಾರಿಗೂ ಹೇಳಿಲ್ಲ. ನಾನೇ ಕಳಿಸಿದ್ದು ಅತ್ತೆ."

ಮುನಿಯಮ್ಮ ತಿರುಗಲಿಲ್ಲ. ಗೋಡೆಯ ಕಡೆಗೇ ಮಾತಾಡಿದಳು.

"ಗೊತ್ತು ಕಣಮ್ಮ. ನಾನೇ ಒಳಗೆ ಓಗಿ ಮಲಗಿ ಅಂತ ಅಟ್ಟಿದ್ದು. ವಾಪಸ್ ಬಂದ್ರು. ಯಾಕೆ ಅಂದೆ. ಹುಳ ಶಾನೆ ಚೆನ್ನಾಗೈತೆ ಕಣೆ, ನೋಡ್ಕಂಡು ಬಂದೆ ಅಂದ್ರು. ನೀನು ಬ್ಯಾಡ ಅಂದಿದ್ದು ಏಳಲಿಲ್ಲ, ನನಗೇ ಅರ್ಥ ಆಯ್ತು. ಆಗ್ಲಾದ್ರೂ ಕೈ ಹಿಡ್ಕಂಡು ಕರ್ಕಬರಬೌದಿತ್ತು ನಾನು, ಇವ್ರು ಬೀಡಿ ಬುಟ್ಟವ್ರೆ ಕಣಮ್ಮ ಅಂತ. ಆಣೆ ಹಾಕವ್ರೆ, ಸೊಪ್ಪು ಬ್ಯಾರೆ ಬಾಡ್ತಾ ಐತೆ ಅಂತ ಬಿಡಿಸ್ತಾ ಕುಂತೆ. ಬೆನ್ನ ಹಿಂದ್ಗಡೆ ನರಳೋದು ಕೇಳಿಸ್ತಿತ್ತು. ಸೆಕೆಗೆ ನರಳ್ತಾವ್ರೆ ಅಂದ್ಕಂಡೆ."

ತಲೆಯ ಮೇಲೆ ಶೀಟು ಕಾದು ಟಪ್ ಟಪ್ ಎನ್ನುತ್ತಿತ್ತು.

"ಪ್ರಿಯಾಂಕಂಗೆ ಏಳಬ್ಯಾಡ" ಎಂದಳು ಮುನಿಯಮ್ಮ. "ನಂದೂ ಏಳಬ್ಯಾಡ, ನಿಂದೂ ಏಳಬ್ಯಾಡ."

"ಒಳಗೆ ಬನ್ನಿ ಅತ್ತೆ."

"ಆಗಾಕಿಲ್ಲ."

ಚೈತ್ರ ಕೂತಲ್ಲಿಂದ ಕದಲಲಿಲ್ಲ. ಮರುದಿನ ಮಧ್ಯಾಹ್ನ ಅವಳೂ ಒಂದು ಚಾಪೆ ತಂದು ಮಂಚದ ಪಕ್ಕ ಹಾಸಿದಳು. ಮುನಿಯಮ್ಮ ಬೈದಳು, ಚೈತ್ರ ಕೇಳಿಸಿಕೊಳ್ಳಲಿಲ್ಲ. ಅಂಗಳದಾಚೆ ತಂಪಾದ ಮನೆ ಬಾಗಿಲು ತೆರೆದುಕೊಂಡು ಖಾಲಿ ಬಿದ್ದಿತ್ತು. ಹೀಗೆ ಮೂರು ದಿನ ನಡೆಯಿತು. ನಾಲ್ಕನೇ ದಿನ ಬಿಂದು ಆಟ ಬಿಟ್ಟು ಬಂದು ಇಬ್ಬರ ನಡುವೆ ಚಾಪೆಯ ಮೇಲೆ ಮಲಗಿಬಿಟ್ಟಿತು. ಸ್ವಲ್ಪ ಹೊತ್ತಿಗೆ ಮಗುವಿನ ಕೆನ್ನೆ ಕೆಂಪೇರಿ, ತುಟಿ ಒಣಗಿ, ನಿದ್ದೆಯಲ್ಲೇ ನರಳತೊಡಗಿತು.

ಮುನಿಯಮ್ಮ ದಡಕ್ಕನೆ ಎದ್ದು ಕೂತಳು. ಮಗುವಿನ ಹಣೆ ಮುಟ್ಟಿದಳು. ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಸೆರಗನ್ನು ಅದರ ತಲೆಗೆ ಹೊದಿಸಿ, ಉರಿಯುವ ಅಂಗಳ ದಾಟಿದಳು. ಚೈತ್ರ ಹಿಂದೆಯೇ ಓಡಿದಳು. ಹೊಸ್ತಿಲಲ್ಲಿ ಮುನಿಯಮ್ಮ ಒಂದು ಕ್ಷಣ ನಿಂತಳು. ಆಮೇಲೆ ಒಳಗೆ ಹೋಗಿ ಮಗುವನ್ನು ನಡುಮನೆಯ ನೆಲದ ಮೇಲೆ ಮಲಗಿಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು. ಮಗು ಕಣ್ಣು ಬಿಟ್ಟು ನೀರು ಕೇಳಿತು. ಕುಡಿದು ಮತ್ತೆ ಮಲಗಿತು. ಮುನಿಯಮ್ಮ ಅದರ ಪಕ್ಕದಲ್ಲೇ ತನ್ನ ತೋಳನ್ನು ತಲೆಗಿಟ್ಟುಕೊಂಡು ಮೈ ಚಾಚಿದಳು.

ಚೈತ್ರ ಇನ್ನೂ ಹೊಸ್ತಿಲ ಆಚೆಯೇ ನಿಂತಿದ್ದಳು.

"ಅಲ್ಯಾಕ್ ನಿಂತಿದೀಯಾ ಬಿಸ್ಲಾಗೆ?" ಎಂದಳು ಮುನಿಯಮ್ಮ, ಕಣ್ಣು ತೆರೆಯದೆ. "ಬಾ ಒಳಕ್ಕೆ."